ಇದ್ದಿಲ ಪುಡಿಗೆ ಒತ್ತುಯಂತ್ರ ಬಂದ ಬಗೆ

ಸೌದೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಮೊದಲು ಅದರ ನೀರು ಆವಿಯಾಗುತ್ತದೆ. ಬಳಿಕ ಅನಿಲ, ಡಾಂಬರು, ಹುಳಿ ವಾಸನೆಯ ದ್ರವಗಳು ಹೊಗೆಯೊಡನೆ ಹೊರಬೀಳುತ್ತವೆ. ಕಡೆಗೆ ಬಹುಪಾಲು ಇಂಗಾಲವೇ ಆದ ಇದ್ದಿಲು ಉಳಿಯುತ್ತದೆ. ಗೂಡಿನೊಳಗಿನ ಶಾಖ 400ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಈ ಕೆಲಸ ಸರಿಯಾಗಿ ಮುಗಿಯುತ್ತದೆ. ಗಾಳಿಗೆ ಒಣಗಿದ ಒಂದು ಕಿಲೋ ಸೌದೆ ಸುಮಾರು 15 ಮೆಗಾಜೂಲ್ ಶಾಖ ಕೊಟ್ಟರೆ ಒಂದು ಕಿಲೋ ಇದ್ದಿಲು ಅದರ ಇಮ್ಮಡಿ, 28ರಿಂದ 30 ಮೆಗಾಜೂಲ್ ಕೊಡುತ್ತದೆ. ಹೊಗೆ ಕಡಿಮೆ, ಸಾಗಿಸಲು ಹಗುರ, ಎಷ್ಟು ಕಾಲ ಇಟ್ಟರೂ ಗೆದ್ದಲು ಹತ್ತದು. ಕಮ್ಮಾರನ ಕುಲುಮೆ, ಅಕ್ಕಸಾಲಿಗನ ಅಗ್ಗಿಷ್ಟಿಕೆ, ಇಸ್ತ್ರಿ ಪೆಟ್ಟಿಗೆ ಎಲ್ಲಕ್ಕೂ ಇದ್ದಿಲೇ ಬೇಕಾದದ್ದು ಈ ಗುಣಗಳಿಂದ.

ಈ ಗುಣಗಳಿಗೆ ತೆರಬೇಕಾದ ಬೆಲೆಯೂ ದೊಡ್ಡದು. ಮಣ್ಣು ಮುಚ್ಚಿದ ಗೂಡಿನಲ್ಲಿ ನೂರು ಕಿಲೋ ಸೌದೆ ಸುಟ್ಟರೆ ಸಿಗುವ ಇದ್ದಿಲು ಹತ್ತರಿಂದ ಇಪ್ಪತ್ತು ಕಿಲೋ ಮಾತ್ರ. ಹಾಗೆ ಸಿಕ್ಕಿದ್ದರಲ್ಲೂ ಗೂಡು ಬಿಚ್ಚುವಾಗ, ಚೀಲಕ್ಕೆ ತುಂಬುವಾಗ, ಲಾರಿಗೆ ಹೇರುವಾಗ, ಅಂಗಡಿಯಲ್ಲಿ ಸುರಿಯುವಾಗ ಒಂದು ಪಾಲು ಒಡೆದು ಪುಡಿಯಾಗುತ್ತದೆ. ಹತ್ತು ಚೀಲಕ್ಕೆ ಒಂದು ಚೀಲ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹೀಗೆ ನಷ್ಟವಾಗುವುದು ಸಾಮಾನ್ಯ. ಪುಡಿ ಒಲೆಯಲ್ಲಿ ಉರಿಯುವುದಿಲ್ಲ. ಕಣಗಳ ನಡುವೆ ಗಾಳಿ ಹರಿಯದೆ ಕೆಂಡ ಕಂದಿಹೋಗುತ್ತದೆ. ಒಳ್ಳೆಯ ಉರುವಲೇ ಆದ ಈ ಪುಡಿಯನ್ನು ಮತ್ತೆ ಗಟ್ಟಿಯಾಗಿಸಿ ಉರಿಸುವುದು ಹೇಗೆಂಬ ಹುಡುಕಾಟದಿಂದಲೇ ಇದ್ದಿಲ ಬಿಲ್ಲೆ, ಅಂದರೆ ಇಂದು ಬ್ರಿಕೆಟ್ ಎಂದು ಮಾರುವ ಸರಕು, ಹುಟ್ಟಿತು.

ಇದಕ್ಕೆ ಮೊದಲ ಯಂತ್ರ ಮನುಷ್ಯನ ಅಂಗೈ. ಜಪಾನಿನ ಎಡೊ ಕಾಲದಲ್ಲಿ ಇದ್ದಿಲ ಪುಡಿಗೆ ಕಡಲಪಾಚಿಯ ಅಂಟು ಬೆರೆಸಿ ಉಂಡೆ ಕಟ್ಟಿ ಒಣಗಿಸುತ್ತಿದ್ದರು. ‘ತಾದೋನ್’ ಎನ್ನುವ ಈ ಉಂಡೆಗಳು ಬೂದಿಯ ನಡುವೆ ನಿಧಾನವಾಗಿ, ಬಹಳ ಹೊತ್ತು ಕೆಂಡವಾಗಿ ಉಳಿಯುತ್ತಿದ್ದವು. 18ನೇ ಶತಮಾನದ ಇದ್ದಿಲು ವ್ಯಾಪಾರಿ ಶಿಯೋಬಾರಾ ತಾಸುಕೆ ಇದನ್ನು ಮಾರಿಯೇ ಸಿರಿವಂತನಾದ ಎಂಬ ಕಥೆ ಅಲ್ಲಿ ಮನೆಮಾತು. ಭಾರತದಲ್ಲಿ ಹುಕ್ಕಾ ಸೇದುವವರಿಗಾಗಿ ಅನ್ನದ ಗಂಜಿಯಲ್ಲಿ ಕಲಸಿದ ಇದ್ದಿಲ ಬಿಲ್ಲೆಗಳಿದ್ದವು. ಕನ್ನಡ ನಾಡಿನ ಪೇಟೆ ಮನೆಗಳಲ್ಲಿ ಚೀಲದ ತಳದ ಪುಡಿಗೆ ಸಗಣಿ ಬೆರೆಸಿ, ಉಂಡೆ ಮಾಡಿ, ಹಿತ್ತಿಲಲ್ಲೋ ತಾರಸಿಯ ಮೇಲೋ ಒಣಗಿಸಿ ಒಲೆಗೆ ಹಾಕುವ ಪದ್ಧತಿ ಅಡುಗೆ ಅನಿಲ ಬರುವವರೆಗೂ ಇತ್ತು. ಪುಡಿ, ಅಂಟು, ಒತ್ತಡ, ಬಿಸಿಲು ಎಂಬ ನಾಲ್ಕು ಸಂಗತಿಗಳು ಆ ಉಂಡೆಯಲ್ಲಿ ಆಗಲೇ ಸೇರಿದ್ದವು. ಮುಂದೆ ಬಂದ ಯಂತ್ರಗಳೆಲ್ಲ ಈ ನಾಲ್ಕನ್ನೇ ಬೇರೆ ಬೇರೆ ಬಗೆಯಲ್ಲಿ ನಿಭಾಯಿಸಿದವು.

ಯುರೋಪಿನಲ್ಲಿ ಈ ಕೆಲಸ ಅಂಗಳದಿಂದ ಕಾರ್ಖಾನೆಗೆ ಹೋದದ್ದು 19ನೇ ಶತಮಾನದ ನಡುವಿನಲ್ಲಿ. 1840ರ ದಶಕದಲ್ಲಿ ಪೊಪ್ಲೆ-ದ್ಯುಕಾರ್ ಎಂಬಾತ ಇದ್ದಿಲ ಪುಡಿಗೆ ಕಲ್ಲಿದ್ದಲ ಡಾಂಬರು ಸೇರಿಸಿ ಅರೆದು, ಅಚ್ಚಿನಲ್ಲಿ ಉರುಳೆಯಾಕಾರಕ್ಕೆ ಒತ್ತಿ, ಮುಚ್ಚಿದ ಗೂಡಿನಲ್ಲಿ ಮತ್ತೊಮ್ಮೆ ಸುಟ್ಟು ‘ಪ್ಯಾರಿಸ್ ಇದ್ದಿಲು’ ತಯಾರಿಸಿದ. ಎರಡನೆಯ ಸುಡುವಿಕೆಯಲ್ಲಿ ಡಾಂಬರು ಕೂಡ ಇಂಗಾಲವಾಗಿ ಬಿಲ್ಲೆ ಗಟ್ಟಿಯಾಗುತ್ತಿತ್ತು. ಅಮೆರಿಕದಲ್ಲಿ ಪೆನ್ಸಿಲ್ವೇನಿಯಾದ ಎಲ್ಸ್‌ವರ್ತ್ ಜ್ವಾಯರ್ 1897ರಲ್ಲಿ ಉರುವಲು ಬಿಲ್ಲೆಯ ವಿನ್ಯಾಸಕ್ಕೆ ಪೇಟೆಂಟ್ ಪಡೆದ.

ಈ ಸರಕಿಗೆ ದೊಡ್ಡ ಮಾರುಕಟ್ಟೆ ತೆರೆದದ್ದು ಮಾತ್ರ ಮೋಟಾರು ಕಾರು. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರಿಗೆ ಸಾಕಷ್ಟು ಮರ ಬೇಕಾಗಿತ್ತು. ಎಡ್ವರ್ಡ್ ಕಿಂಗ್ಸ್‌ಫರ್ಡ್ ಎಂಬಾತನ ನೆರವಿನಿಂದ ಫೋರ್ಡ್ ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ ಕಾಡು ಕೊಂಡು, 1920ರ ದಶಕದ ಆರಂಭದಲ್ಲಿ ಐರನ್ ಮೌಂಟನ್ ಎಂಬಲ್ಲಿ ಮರ ಕೊಯ್ಯುವ ಗಿರಣಿ ಕಟ್ಟಿದ. ಕೊಯ್ದು ಉಳಿದ ಚೂರು, ತೊಗಟೆ, ಗರಗಸದ ಹೊಟ್ಟು ರಾಶಿರಾಶಿಯಾಗಿ ಬೀಳುತ್ತಿತ್ತು. ಒರೆಗಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಓರಿನ್ ಸ್ಟಾಫರ್ಡ್ ರೂಪಿಸಿದ್ದ ವಿಧಾನದಲ್ಲಿ ಆ ಕಸವನ್ನು ಇದ್ದಿಲಾಗಿಸಿ, ಅರೆದು, ಗಂಜಿ ಬೆರೆಸಿ, ದಿಂಬಿನಾಕಾರದ ಬಿಲ್ಲೆಗಳಾಗಿ ಒತ್ತಲಾಯಿತು. ಒಂದು ಅಮೆರಿಕನ್ ಟನ್, ಅಂದರೆ 907 ಕಿಲೋ, ಮರದ ಚೂರಿಗೆ 610 ಪೌಂಡ್, ಸುಮಾರು 277 ಕಿಲೋ ಬಿಲ್ಲೆ ಸಿಗುತ್ತಿತ್ತು. ಅದನ್ನು ಫೋರ್ಡ್ ಕಾರಿನ ಅಂಗಡಿಗಳಲ್ಲೇ ಮಾರಿದರು. 1951ರಲ್ಲಿ ಈ ಉದ್ಯಮ ಬೇರೆಯವರ ಕೈಸೇರಿ ಕಿಂಗ್ಸ್‌ಫರ್ಡ್ ಎಂಬ ಹೆಸರು ಪಡೆಯಿತು. ಹಿತ್ತಿಲಲ್ಲಿ ಮಾಂಸ ಸುಟ್ಟು ತಿನ್ನುವ ರೂಢಿ ಅಮೆರಿಕದ ಮಧ್ಯಮ ವರ್ಗದಲ್ಲಿ ಹಬ್ಬಿದಂತೆ ಈ ಬಿಲ್ಲೆ ಅಲ್ಲಿನ ಮನೆಬಳಕೆಯ ವಸ್ತುವಾಯಿತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲೂ ಮರವನ್ನು ಮುಚ್ಚಿದ ಕಬ್ಬಿಣದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವ ಬೃಹತ್ ಸ್ಥಾವರ ಎದ್ದಿತ್ತು. ಬೆಂಕಿಪುರವೆಂದು ಹೆಸರಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕೈಗೆತ್ತಿಕೊಂಡ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಆ ವರ್ಷದಿಂದ ಅದರ ಹೊಣೆ ಹೊತ್ತವರು ಸರ್ ಎಂ. ವಿಶ್ವೇಶ್ವರಯ್ಯ. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲಿನ ಮಲೆನಾಡಿನ ಕಾಡುಗಳಿಂದ ಸೌದೆ ಬರುತ್ತಿತ್ತು. ಸಂಸ್ಥಾನದಲ್ಲಿ ಕಲ್ಲಿದ್ದಲು ಇಲ್ಲದ್ದರಿಂದ ಊದುಕುಲುಮೆಯನ್ನು ಇದ್ದಿಲಿನಿಂದಲೇ ಉರಿಸಬೇಕಾಗಿತ್ತು. ಸೌದೆ ಕಾಯಿಸುವಾಗ ಏಳುವ ಹೊಗೆಯನ್ನು ತಣಿಸಿ ಮೆಥನಾಲ್, ಅಸಿಟೇಟ್, ಡಾಂಬರುಗಳನ್ನೂ ಹಿಡಿಯುತ್ತಿದ್ದರು. ಐರನ್ ಮೌಂಟನ್ನಿನ ಉಪವಸ್ತುಗಳ ಪಟ್ಟಿಯೂ ಹೆಚ್ಚುಕಡಿಮೆ ಇದೇ. ಎರಡು ಕಡೆಯ ಉದ್ದೇಶ ಮಾತ್ರ ಬೇರೆ. ಊದುಕುಲುಮೆಗೆ ಬೇಕಾದದ್ದು ಅದಿರಿನ ಭಾರ ತಾಳುವ ಗಟ್ಟಿ ತುಂಡು. ಪುಡಿ ಬಿದ್ದರೆ ಗಾಳಿಯ ದಾರಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಭದ್ರಾವತಿಗೆ ಒಳ್ಳೆಯ ಸೌದೆಯೇ ಬೇಕಾಯಿತು. ಐರನ್ ಮೌಂಟನ್ನಿಗೆ ಮಾತ್ರ ಕಸವೇ ಕಚ್ಚಾವಸ್ತು. ಇದ್ದಿಲ ಬಿಲ್ಲೆ ಕಾಡಿಗೆ ಏನಾದರೂ ನೆರವು ನೀಡಬಲ್ಲುದಾದರೆ ಅದು ಈ ಎರಡನೆಯ ದಾರಿಯಿಂದ ಮಾತ್ರ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ಪಡಿತರ ಬಂದು ಮೈಸೂರು ಸೀಮೆಯ ಬಸ್ಸುಗಳು ಬೆನ್ನಿಗೆ ಇದ್ದಿಲಿನಿಂದ ಅನಿಲ ಮಾಡುವ ಉರುಳೆ ಕಟ್ಟಿಕೊಂಡು ಓಡಿದವು. ಬೆಳಗ್ಗೆ ಒಬ್ಬರು ಹಿಂದೆ ನಿಂತು ಗಾಳಿಚಕ್ರ ತಿರುಗಿಸಿ ಅನಿಲ ಏಳಿಸಿದ ಮೇಲೆಯೇ ಬಸ್ಸು ಹೊರಡುತ್ತಿತ್ತು. ಅಲ್ಲಿಯೂ ಬೇಕಾದದ್ದು ತುಂಡು ಇದ್ದಿಲೇ. ಯುದ್ಧ ಮುಗಿದು ಪೆಟ್ರೋಲು ಮರಳಿದಾಗ ಆ ಬೇಡಿಕೆ ಇಳಿಯಿತು, ಕಡಿದ ಮರಗಳು ಮರಳಲಿಲ್ಲ.

ಪುಡಿಯನ್ನು ಒತ್ತಿ ಗಟ್ಟಿ ಮಾಡುವಲ್ಲಿ ಇರುವ ನಿಜವಾದ ತೊಡಕು ರಸಾಯನಶಾಸ್ತ್ರಕ್ಕೆ ಸೇರಿದ್ದು. ಇದ್ದಿಲಾಗದ ಮರದಲ್ಲಿ ಲಿಗ್ನಿನ್ ಎಂಬ ಸಹಜ ಅಂಟು ಇರುತ್ತದೆ. ಗರಗಸದ ಹೊಟ್ಟನ್ನು ಬಿಸಿಮಾಡಿ ಬಲವಾಗಿ ಒತ್ತಿದರೆ ಲಿಗ್ನಿನ್ ಮೆದುವಾಗಿ, ತಣಿದಾಗ ಮತ್ತೆ ಗಟ್ಟಿಯಾಗಿ, ಹೊಟ್ಟು ಒಂದೇ ದಿಮ್ಮಿಯಾಗುತ್ತದೆ. ಹೊರಗಿನ ಅಂಟು ಬೇಕಾಗುವುದಿಲ್ಲ. ಮರ ಇದ್ದಿಲಾದಾಗ ಈ ಲಿಗ್ನಿನ್ ಒಡೆದು ತನ್ನ ಅಂಟುಗುಣ ಕಳೆದುಕೊಂಡಿರುತ್ತದೆ. ಎಷ್ಟೇ ಒತ್ತಿದರೂ ಇದ್ದಿಲ ಪುಡಿ ತಾನಾಗಿ ಕೂಡಿಕೊಳ್ಳದು. ಹೀಗಾಗಿ ಯಂತ್ರ ಮಾಡುವವರ ಮುಂದೆ ಎರಡು ಹಾದಿಗಳಿದ್ದವು: ಒತ್ತಿ ಆಮೇಲೆ ಸುಡುವುದು, ಇಲ್ಲವೇ ಸುಟ್ಟು ಆಮೇಲೆ ಅಂಟು ಹಾಕಿ ಒತ್ತುವುದು.

ಮೊದಲ ಹಾದಿ ಹಿಡಿದದ್ದು ಜಪಾನ್. ಅಲ್ಲಿನ ತಿರುಪು ಯಂತ್ರ ಹೊಟ್ಟನ್ನು ಕಾಯಿಸಿದ ಕೊಳವೆಯ ಮೂಲಕ ತಳ್ಳಿ, ನಡುವೆ ತೂತಿರುವ ಉದ್ದನೆಯ ದಿಮ್ಮಿ ಹೊರತರುತ್ತದೆ. ಆ ದಿಮ್ಮಿಯನ್ನು ಗೂಡಿನಲ್ಲಿ ಸುಟ್ಟರೆ ‘ಓಗಾತಾನ್’ ಎಂಬ ಗಟ್ಟಿ ಇದ್ದಿಲು. ತೂತಿನೊಳಗೆ ಗಾಳಿ ಆಡುವುದರಿಂದ ಅದು ಚೆನ್ನಾಗಿ ಉರಿಯುತ್ತದೆ. ಆದರೆ ಈ ಹಾದಿಗೆ ಹೆಚ್ಚು ವಿದ್ಯುತ್ತು, ಚೆನ್ನಾಗಿ ಒಣಗಿದ ಹೊಟ್ಟು, ಸವೆತ ತಾಳುವ ಒಳ್ಳೆಯ ಉಕ್ಕು ಬೇಕು. ಭತ್ತದ ಹೊಟ್ಟಿನಂಥ ಸಿಲಿಕಾ ತುಂಬಿದ ವಸ್ತು ಹಾಕಿದರೆ ತಿರುಪು ಕೆಲವೇ ಗಂಟೆಗಳಲ್ಲಿ ಸವೆದುಹೋಗುತ್ತದೆ. ಭಾರತದಲ್ಲಿ 1980ರ ದಶಕದಿಂದ ಬಳಕೆಗೆ ಬಂದ ಒತ್ತುಯಂತ್ರಗಳಲ್ಲಿ ಹೆಚ್ಚಿನವು ಕೊಂತ, ಅಂದರೆ ಪಿಸ್ಟನ್, ಬಡಿಯುವ ಬಗೆಯವು. ಅವು ಕಡಲೆಕಾಯಿ ಸಿಪ್ಪೆ, ಕಾಫಿ ಹೊಟ್ಟು, ಗರಗಸದ ಹೊಟ್ಟುಗಳನ್ನು ದಿಮ್ಮಿ ಮಾಡಿ ಬಾಯ್ಲರುಗಳಿಗೆ ಒದಗಿಸುತ್ತವೆ. ‘ವೈಟ್ ಕೋಲ್’ ಎಂದು ಮಾರಾಟವಾಗುವುದು ಇದೇ. ಇದು ಇದ್ದಿಲಾಗಿಸದ ಉರುವಲು, ದೊಡ್ಡ ಬಂಡವಾಳದ ಕೆಲಸ. ಹಳ್ಳಿಯ ನಾಲ್ಕು ಜನ ಕೂಡಿ ನಡೆಸುವ ಘಟಕಕ್ಕೆ ಇದು ಹೊಂದಲಿಲ್ಲ.

ಸಣ್ಣ ಉದ್ಯಮಕ್ಕೆ ಒಗ್ಗಿದ್ದು ಎರಡನೆಯ ಹಾದಿ. ಅದರ ಮೊದಲ ಹೆಜ್ಜೆ ಗೂಡನ್ನು ಬದಲಿಸುವುದು. ಮಣ್ಣಿನ ಗೂಡಿನಲ್ಲಿ ಸೋಗೆ, ಕಡ್ಡಿ, ಹೊಟ್ಟುಗಳನ್ನು ಸುಡಲು ಹೋದರೆ ಎಲ್ಲವೂ ಬೂದಿಯಾಗುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನ ಟ್ರಾಪಿಕಲ್ ಪ್ರಾಡಕ್ಟ್ಸ್ ಇನ್‌ಸ್ಟಿಟ್ಯೂಟ್ ಬಿಡಿಸಿ ಉರುಳಿಸಿಕೊಂಡು ಹೋಗಬಹುದಾದ ಉಕ್ಕಿನ ಗೂಡನ್ನು ರೂಪಿಸಿತು. ಒಂದರ ಮೇಲೊಂದು ಕೂರುವ ಎರಡು ಸುತ್ತುಗಳು, ಮೇಲೆ ಶಂಕುವಿನಾಕಾರದ ಮುಚ್ಚಳ. ಇಬ್ಬರು ಸೇರಿ ಅದನ್ನು ಸೌದೆ ಇರುವಲ್ಲಿಗೇ ಒಯ್ಯಬಹುದಿತ್ತು. ಅದಕ್ಕೂ ಅಗ್ಗದ್ದು 200 ಲೀಟರಿನ ಎಣ್ಣೆ ಡ್ರಮ್ಮು. ತಳಕ್ಕೆ ತೂತು, ಮೇಲೆ ಬಾಯಿ. ಕಸ ತುಂಬಿ ಹೊತ್ತಿಸಿ, ದಟ್ಟ ಬಿಳಿ ಹೊಗೆ ತೆಳುವಾಗುತ್ತ ಬಂದಾಗ ತಳದ ತೂತುಗಳನ್ನೂ ಮೇಲಿನ ಬಾಯಿಯನ್ನೂ ಮಣ್ಣಿನಿಂದ ಬಿಗಿದು ಆರಲು ಬಿಡುತ್ತಾರೆ. ಎಲ್ಲಿಯಾದರೂ ಬಿರುಕು ಉಳಿದರೆ ಒಳಗಿನದೆಲ್ಲ ಬೂದಿ. ಬಿಸಿ ಆರುವ ಮೊದಲೇ ಚೀಲಕ್ಕೆ ತುಂಬಿದ ಇದ್ದಿಲು ಗಾಳಿ ಸೋಕಿ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಯಾವಾಗ ಮುಚ್ಚಬೇಕು, ಯಾವಾಗ ಬಿಚ್ಚಬೇಕು ಎಂಬ ಅಂದಾಜು ಯಾವ ಯಂತ್ರದಿಂದಲೂ ಬರುವುದಿಲ್ಲ, ಸುಡುವವರ ಕಣ್ಣಿನಿಂದ ಬರುತ್ತದೆ.

ಕಬ್ಬಿನ ರವದಿಯನ್ನು ಹೀಗೆ ಇದ್ದಿಲಾಗಿಸುವ ಕೆಲಸವನ್ನು ಭಾರತದಲ್ಲಿ ಗಂಭೀರವಾಗಿ ಕೈಗೊಂಡದ್ದು ಪುಣೆಯ ಆರ್ತಿ ಸಂಸ್ಥೆ. ಸಸ್ಯವಿಜ್ಞಾನಿ ಆನಂದ ಕರ್ವೆ ಮತ್ತು ಸಂಗಡಿಗರು 1996ರಲ್ಲಿ ಕಟ್ಟಿದ ಈ ಸಂಸ್ಥೆ, ಕಟಾವಿನ ಬಳಿಕ ಹೊಲದಲ್ಲೇ ಬೆಂಕಿ ಇಡುತ್ತಿದ್ದ ಒಣ ಎಲೆಯತ್ತ ನೋಡಿತು. ರವದಿ ಬಹಳ ಹಗುರ, ಬೇಗ ಉರಿದುಹೋಗುವಂಥದ್ದು. ತೆರೆದ ಡ್ರಮ್ಮಿನಲ್ಲಿ ಹಿಡಿತಕ್ಕೆ ಸಿಗದು. ಅದಕ್ಕಾಗಿ ಒಂದು ದೊಡ್ಡ ಗೂಡಿನೊಳಗೆ ರವದಿ ತುಂಬಿ ಮುಚ್ಚಿದ ಹಲವು ಚಿಕ್ಕ ಪೀಪಾಯಿಗಳನ್ನಿಟ್ಟು, ಹೊರಗಿನಿಂದ ರವದಿಯನ್ನೇ ಉರಿಸಿ ಕಾಯಿಸುವ ಏರ್ಪಾಡು ಮಾಡಿದರು. ಪೀಪಾಯಿಗಳಿಂದ ಹೊರಬೀಳುವ ಅನಿಲವೂ ಅದೇ ಬೆಂಕಿಯಲ್ಲಿ ಉರಿದು ಶಾಖ ಕೊಡುತ್ತಿತ್ತು. ಆಮೇಲೆ ಪುಡಿಗೆ ಅಂಟು ಸೇರಿಸಿ ಯಂತ್ರದಲ್ಲಿ ಒತ್ತಿ ಕಡ್ಡಿಗಳಾಗಿ ಕತ್ತರಿಸುತ್ತಿದ್ದರು. ಈ ಕೆಲಸಕ್ಕೆ 2002ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಬಂತು. ಬೆಳಗಾವಿ, ಬಾಗಲಕೋಟೆ, ಮಂಡ್ಯಗಳ ಕಬ್ಬಿನ ಗದ್ದೆಗಳಲ್ಲಿ ಇಂದಿಗೂ ರವದಿಗೆ ಬೆಂಕಿ ಬೀಳುತ್ತಲೇ ಇರುವುದರಿಂದ ಕರ್ನಾಟಕದ ಮಟ್ಟಿಗೆ ಈ ಪ್ರಯೋಗ ಹಳೆಯದಾಗಿಲ್ಲ.

ಇದೇ ಕಾಲದಲ್ಲಿ ಕೆರಿಬಿಯನ್ ದ್ವೀಪದ ಹೈಟಿಯಲ್ಲಿ ಅಮೆರಿಕದ ಎಂಐಟಿಯ ಏಮಿ ಸ್ಮಿತ್ ಮತ್ತು ಅವರ ವಿದ್ಯಾರ್ಥಿಗಳು ಕಬ್ಬು ಹಿಂಡಿದ ಸಿಪ್ಪೆಯ ಮೇಲೆ ಕೆಲಸ ಮಾಡಿದರು. ಡ್ರಮ್ಮಿನಲ್ಲಿ ಸುಟ್ಟ ಸಿಪ್ಪೆಗೆ ಅಲ್ಲಿ ಬೆಳೆಯುವ ಮರಗೆಣಸಿನ ಗಂಜಿ ಬೆರೆಸಿ ಮೊದಲು ಕೈಯಲ್ಲೇ ಉಂಡೆ ಕಟ್ಟಿದರು. ಮುಂದೆ ಸುತ್ತಿಗೆಯಿಂದ ಬಡಿದು ಒತ್ತುವ ಚಿಕ್ಕ ಅಚ್ಚು ಬಂತು. ಮುಸುಕಿನ ಜೋಳದ ದಿಂಡನ್ನು ಇಡಿಯಾಗಿ ಸುಟ್ಟರೆ ಅದು ತನ್ನ ಆಕಾರ ಉಳಿಸಿಕೊಂಡೇ ಇದ್ದಿಲಾಗುವುದನ್ನೂ ಅವರು ತೋರಿಸಿದರು. ಅದಕ್ಕೆ ಅಂಟೂ ಬೇಡ, ಯಂತ್ರವೂ ಬೇಡ. ದಾವಣಗೆರೆ, ಹಾವೇರಿಗಳಂಥ ಮೆಕ್ಕೆಜೋಳದ ಜಿಲ್ಲೆಗಳು ಗಮನಿಸಬೇಕಾದ ಸಂಗತಿಯಿದು. ನೇಪಾಳದ ಗುಡ್ಡಗಾಡಿನಲ್ಲಿ ಬನ್‌ಮಾರಾ ಎಂಬ ಕಳೆಗಿಡವನ್ನು ಸುಟ್ಟು, ಜೇಡಿಮಣ್ಣು ಸೇರಿಸಿ, ಮೊಳೆಗಳಿರುವ ಕಬ್ಬಿಣದ ಅಚ್ಚಿನಲ್ಲಿ ಒತ್ತಿ ತೂತುಬಿಲ್ಲೆಗಳನ್ನು ಮಾಡಿದರು. ನೈರೋಬಿಯಲ್ಲಿ ಇದ್ದಿಲು ಅಂಗಡಿಗಳ ಮುಂದೆ ವರ್ಷಗಟ್ಟಲೆ ಬಿದ್ದಿದ್ದ ಪುಡಿಯನ್ನೇ ಸಂಗ್ರಹಿಸಿ ಬಿಲ್ಲೆ ಮಾಡುವ ಉದ್ದಿಮೆ ಬೆಳೆಯಿತು. ಅಲ್ಲಿ ಸುಡುವ ಕೆಲಸವೇ ಇರಲಿಲ್ಲ.

ಇಂಥ ಘಟಕಗಳಲ್ಲಿ ಈಗ ಕಾಣುವ ಯಂತ್ರಗಳ ಸಾಲು ದೊಡ್ಡದೇನಲ್ಲ. ಇದ್ದಿಲನ್ನು ನುರಿಸಲು ಸುತ್ತಿಗೆ ಗಿರಣಿ, ಅಂಟಿನೊಡನೆ ಕಲಸಲು ತಿರುಗುವ ತೊಟ್ಟಿ, ಒತ್ತಲು ಒಂದು ಎಕ್ಸ್‌ಟ್ರೂಡರ್. ಈ ಕೊನೆಯದು ಚಕ್ಕುಲಿ ಒರಳಿನ ಹಾಗೆ: ಕಲಸಿದ್ದನ್ನು ತಿರುಪು ಮುಂದೆ ತಳ್ಳುತ್ತದೆ, ಬಾಯಿಯ ಅಚ್ಚು ಆಕಾರ ಕೊಡುತ್ತದೆ. ಪುಡಿ ಒದ್ದೆಯಾಗಿರುವುದರಿಂದ ಹೊಟ್ಟಿನ ಯಂತ್ರಕ್ಕೆ ಬೇಕಾಗುವ ಅಗಾಧ ಒತ್ತಡ ಇದಕ್ಕೆ ಬೇಡ; ಕೆಲವೇ ಅಶ್ವಶಕ್ತಿಯ ಮೋಟಾರು ಸಾಕು, ಕರೆಂಟು ಇಲ್ಲದಲ್ಲಿ ಕೈಯಿಂದ ತಿರುಗಿಸುವ ಹಿಡಿಯೂ ನಡೆಯುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದರ ಬದಲು ಗುಳಿಗಳಿರುವ ಎರಡು ಉರುಳೆಗಳು ಎದುರುಬದುರು ತಿರುಗಿ ದಿಂಬಿನಾಕಾರದ ಬಿಲ್ಲೆ ಉದುರಿಸುತ್ತವೆ.

ಅಂಟಿನ ಆಯ್ಕೆಯಲ್ಲಿ ಲಾಭನಷ್ಟವೇ ಅಡಗಿದೆ. ಬಿಸಿನೀರಿನಲ್ಲಿ ಕಾಯಿಸಿದ ಗಂಜಿ ಎಲ್ಲಕ್ಕಿಂತ ಒಳ್ಳೆಯದು. ಇದ್ದಿಲಿನ ತೂಕದ ಶೇ. 4ರಿಂದ 8ರಷ್ಟು ಸಾಕು, ಹೊಗೆಯೂ ಬರುವುದಿಲ್ಲ. ಆದರೆ ಅದು ತಿನ್ನುವ ಪದಾರ್ಥ, ಬೆಲೆ ಹೆಚ್ಚು, ನೀರು ತಗುಲಿದರೆ ಬಿಲ್ಲೆ ಕರಗುತ್ತದೆ. ಸಕ್ಕರೆ ಕಾರ್ಖಾನೆಯ ಕಾಕಂಬಿ ಅಗ್ಗವಾದರೂ ಉರಿಯುವಾಗ ಘಾಟು ಎಬ್ಬಿಸುತ್ತದೆ. ಜೇಡಿಮಣ್ಣು ಅಗ್ಗ, ಆದರೆ ಬೂದಿ ಹೆಚ್ಚು, ಶಾಖ ಕಡಿಮೆ. ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಮಣ್ಣು ಜಾಸ್ತಿ ಬೆರೆಸಿದ ಬಿಲ್ಲೆ ನೋಡಲು ಗಟ್ಟಿ, ತೂಗಲು ಭಾರ, ಉರಿಯಲು ಬಡವು. ಒಂದೇ ಸಲ ಹೀಗಾದರೂ ಹೋಟೆಲಿನವರು ಆ ಘಟಕದತ್ತ ಮತ್ತೆ ತಿರುಗಿ ನೋಡುವುದಿಲ್ಲ.

ಒಣಗಿಸುವುದು ಇನ್ನೂ ಕಷ್ಟದ ಕೆಲಸ. ಯಂತ್ರದಿಂದ ಹೊರಬಿದ್ದ ಬಿಲ್ಲೆಯಲ್ಲಿ ಸಾಕಷ್ಟು ನೀರಿರುತ್ತದೆ. ಕಾರ್ಖಾನೆಗಳಲ್ಲಿ ಸುಮಾರು 80 ಡಿಗ್ರಿಯ ಬಿಸಿ ಕೋಣೆಯಲ್ಲಿ ನಾಲ್ಕರಿಂದ ಆರು ಗಂಟೆ ಇಟ್ಟು ತೇವವನ್ನು ಶೇ. 5ಕ್ಕೆ ಇಳಿಸುತ್ತಾರೆ. ಹಳ್ಳಿಯ ಘಟಕಕ್ಕೆ ಬಿಸಿಲೇ ಗತಿ. ಬೇಸಿಗೆಯಲ್ಲಿ ಕೆಲವು ದಿನ, ಮಳೆಗಾಲದಲ್ಲಿ ಕೆಲಸವೇ ನಿಂತಂತೆ. ತೇವ ಉಳಿದ ಬಿಲ್ಲೆ ಬೂಷ್ಟು ಹಿಡಿಯುತ್ತದೆ, ಸಾಗಣೆಯಲ್ಲಿ ಒಡೆದು ಮತ್ತೆ ಪುಡಿಯಾಗುತ್ತದೆ. ಗಿರಣಿಯ ಬಳಿ ನಿಲ್ಲುವವರ ಶ್ವಾಸಕೋಶಕ್ಕೆ ಹೋಗುವ ಕರಿ ದೂಳು, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ವಿಷ, ಇವೆರಡನ್ನೂ ಸಣ್ಣ ಘಟಕಗಳ ಯೋಜನೆಗಳು ಬಹುಕಾಲ ಕಡೆಗಣಿಸಿದವು. ಆ ಕೆಲಸದಲ್ಲಿ ಹೆಚ್ಚಾಗಿ ತೊಡಗಿದವರು ಹೆಂಗಸರು ಎಂಬುದನ್ನು ನೆನೆದರೆ ಈ ಕಡೆಗಣನೆ ಕ್ಷಮಿಸುವಂಥದ್ದಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1983ರಲ್ಲಿ ಇದ್ದಿಲು ತಯಾರಿಕೆಯ ಸರಳ ವಿಧಾನಗಳ ಬಗ್ಗೆ ಹೊರತಂದ ಕೈಪಿಡಿ ಈ ವಿಷಯದಲ್ಲಿ ನೇರವಾಗಿಯೇ ಮಾತಾಡಿತ್ತು. ಪುಡಿಯನ್ನು ಒತ್ತುವ ತಂತ್ರ ಎಲ್ಲರಿಗೂ ಗೊತ್ತಿದೆ, ಯಂತ್ರಗಳೂ ಸಿಗುತ್ತವೆ, ಆದರೂ ಬಿಲ್ಲೆ ಮಾಡುವ ಖರ್ಚಿಗೂ ತುಂಡು ಇದ್ದಿಲಿನ ಬೆಲೆಗೂ ಇರುವ ಅಂತರ ಬಹಳ ಕಡೆ ಸಾಲದು ಎಂಬುದು ಅದರ ಅಭಿಪ್ರಾಯ. ಆಮೇಲಿನ ನಾಲ್ಕು ದಶಕ ಅದನ್ನೇ ದೃಢಪಡಿಸಿದೆ. ಉದಾಹರಣೆಗೆ, 19ನೇ ಶತಮಾನದ ಕೊನೆಯಲ್ಲಿ ಹೊರನಾಡಿನಿಂದ ಬಂದ ಬಳ್ಳಾರಿ ಜಾಲಿ ಬಯಲುಸೀಮೆಯ ಕೆರೆಯಂಗಳ, ಬೀಳು ಹೊಲಗಳನ್ನೆಲ್ಲ ತುಂಬಿಕೊಂಡಿದೆ. ಅದನ್ನು ಕಡಿದು ಗುಂಡಿಯಲ್ಲಿ ಸುಟ್ಟ ಇದ್ದಿಲು ಅಗ್ಗವಾಗಿ ಸಿಗುವವರೆಗೆ ಗಂಜಿ, ಕರೆಂಟು, ಕೂಲಿಗಳ ಖರ್ಚು ಹೊತ್ತ ಬಿಲ್ಲೆ ಅದರೊಡನೆ ಸೆಣಸಲಾರದು. ಮನೆಗಳ ಬೇಡಿಕೆಯೂ ಇಳಿದಿದೆ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯ ಮೂಲಕ ಹಳ್ಳಿಗಳಿಗೂ ಅನಿಲದ ಸಿಲಿಂಡರು ಬಂದಿದೆ. ಉಳಿದಿರುವ ಗಿರಾಕಿಗಳು ತಂದೂರಿ ಹೋಟೆಲುಗಳು, ಇಸ್ತ್ರಿ ಗಾಡಿಗಳು, ಸಣ್ಣ ಕುಲುಮೆಗಳು ಮತ್ತು ಹೊರದೇಶದ ಹುಕ್ಕಾ ಮಾರುಕಟ್ಟೆ.

ಹೀಗಿದ್ದೂ ಗೆದ್ದ ಘಟಕಗಳೆಲ್ಲದರಲ್ಲೂ ಕಸ ಮೊದಲೇ ಒಂದೆಡೆ ರಾಶಿ ಬಿದ್ದಿತ್ತು. ಐರನ್ ಮೌಂಟನ್ನಿನ ಗಿರಣಿ, ನೈರೋಬಿಯ ಇದ್ದಿಲು ಸಂತೆ, ಇಂಡೋನೇಷ್ಯಾದ ತೆಂಗಿನ ಕರಟದ ಉದ್ಯಮ ಮೂರರಲ್ಲೂ ಕಚ್ಚಾವಸ್ತುವನ್ನು ಹುಡುಕಿ ಹೋಗುವ ಖರ್ಚು ಇರಲಿಲ್ಲ. ಹೊಲಗಳಲ್ಲಿ ಹರಡಿಬಿದ್ದ ರವದಿಯನ್ನು ಗಾಡಿಯಲ್ಲಿ ತರುವುದಾದರೆ ಬಾಡಿಗೆಯಲ್ಲೇ ಲಾಭ ಕರಗುತ್ತದೆ, ಏಕೆಂದರೆ ಅದು ಜಾಗ ಹಿಡಿಯುವಷ್ಟು ತೂಗುವುದಿಲ್ಲ. ಅಂಥಲ್ಲಿ ಗೂಡು ಹೊಲಕ್ಕೆ ಹೋಗಬೇಕು, ಇದ್ದಿಲ ಪುಡಿ ಮಾತ್ರ ಒತ್ತುಯಂತ್ರಕ್ಕೆ ಬರಬೇಕು. ಕರ್ನಾಟಕದಲ್ಲಿ ಈ ಲೆಕ್ಕ ಸಹಜವಾಗಿ ಕೂಡಿಬರುವ ಪ್ರದೇಶ ತಿಪಟೂರು, ತುರುವೇಕೆರೆ, ಅರಸೀಕೆರೆಗಳ ಕೊಬ್ಬರಿ ಸೀಮೆ. ಕೊಬ್ಬರಿ ಸುಲಿದ ಮೇಲೆ ಉಳಿಯುವ ಚಿಪ್ಪನ್ನು ಅಲ್ಲಿ ಸುಟ್ಟು ಸಕ್ರಿಯ ಇಂಗಾಲದ ಕಾರ್ಖಾನೆಗಳಿಗೆ ಮಾರುತ್ತಾರೆ. ತೆರೆದ ಗುಂಡಿಗಳ ಹೊಗೆಯಿಂದ ಸುತ್ತಲಿನ ಊರಿನವರು ನೊಂದಿರುವುದೂ ನಿಜ. ಅಲ್ಲಿ ಮೊದಲು ಬೇಕಾದದ್ದು ಹೊಗೆಯನ್ನು ಮರಳಿ ಉರಿಸಿಕೊಳ್ಳುವ ಮುಚ್ಚಿದ ಗೂಡು, ಎರಡನೆಯದು ಮಳೆಗಾಲದಲ್ಲಿ ಒಣಗಿಸಲು ಚಾವಣಿ. ಒತ್ತುಯಂತ್ರ ಬೇಕಾಗುವುದು ಮೂರನೆಯದಾಗಿ. ಗ್ರಾಮೀಣ ಉದ್ಯಮಕ್ಕೆ ಸಾಲ ಮತ್ತು ಸಹಾಯಧನ ಕೊಡುವ ಯೋಜನೆಗಳು ಈ ಮೂರನ್ನೂ ಇದೇ ಕ್ರಮದಲ್ಲಿ ಪಟ್ಟಿಗೆ ಸೇರಿಸಬೇಕು.